ಅಮ್ಮನನ್ನು ಕಾಶಿಗೆ ಕರೆದೊಯ್ಯಬೇಕು, ಹೋಗಿ ಬಂದವರು ಹೇಳಿ

ಕೇಳಿದವರು

ಅಮ್ಮನಿಗೆ 72 ವರ್ಷ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಇಷ್ಟು ದಿನ ಬಾಯಿಬಿಟ್ಟು ಏನೂ ಕೇಳದವರು ಮೊನ್ನೆ "ಕಾಶಿಗೊಂದ್ಸಲ ಕರ್ಕೊಂಡು ಹೋಗಪ್ಪ" ಅಂದರು. ಮೊಣಕಾಲು ನೋವಿದೆ, ಮೆಟ್ಟಿಲು ಕಷ್ಟ. ಟೂರಿನವರು ಕಾಶಿ, ಪ್ರಯಾಗ, ಗಯಾ, ಅಯೋಧ್ಯೆ ಎಲ್ಲ ಸೇರಿಸಿ ಆರು ದಿನ ಅಂತಿದ್ದಾರೆ. ಸಾಕಾಗತ್ತಾ? ಯಾವ ತಿಂಗಳು ಒಳ್ಳೇದು, ಎಲ್ಲಿ ಇಳ್ಕೋಬೇಕು?

ಮೈಸೂರಿನಿಂದ

ಆರು ದಿನಕ್ಕೆ ನಾಲ್ಕು ಕ್ಷೇತ್ರ ಬೇಡವೇ ಬೇಡ. 2009ರಲ್ಲಿ ಅಜ್ಜಿಯ ಜೊತೆ ನಾನು ಹಾಗೇ ಹೋಗಿದ್ದೆ. ಅಜ್ಜಿಗೆ ಕಾಶಿಯಲ್ಲಿ ಸಿಕ್ಕಿದ್ದು ಒಂದು ಸಂಜೆ, ಒಂದು ಬೆಳಗ್ಗೆ. ವಾಪಸ್ ಹೊರಟ ಬಸ್ಸಿನಲ್ಲಿ "ಗಂಗೆ ಹತ್ರ ಇನ್ನೊಂದು ಗಳಿಗೆ ಕೂತ್ಕೋಬೇಕಿತ್ತು ಕಣೋ" ಅಂದರು. ಆ ಮಾತು ಇವತ್ತಿಗೂ ಚುಚ್ಚತ್ತೆ. 2023ರಲ್ಲಿ ಅಮ್ಮನನ್ನು ಕರ್ಕೊಂಡು ಹೋದಾಗ ಐದು ರಾತ್ರಿ ಕಾಶಿಯಲ್ಲೇ ಉಳಿದೆವು.

ಇಳಿದುಕೊಳ್ಳಲು ಕೇದಾರ ಘಾಟ್, ಹನುಮಾನ್ ಘಾಟ್ ಆಸುಪಾಸು ನೋಡಿ. ತಲೆಮಾರುಗಳಿಂದ ದಕ್ಷಿಣದವರು ನೆಲೆನಿಂತ ಕೇರಿಗಳವು. ಹರಿಶ್ಚಂದ್ರ ಘಾಟಿನ ಪಕ್ಕದಲ್ಲೇ ಮೈಸೂರು ಸಂಸ್ಥಾನದವರು ಕಟ್ಟಿಸಿದ ಘಾಟ್ ಇದೆ, ಈಗ ಅದಕ್ಕೆ ಕರ್ನಾಟಕ ಘಾಟ್ ಅಂತಲೇ ಹೆಸರು. ದೋಣಿಯಿಂದ ತೋರಿಸಿದಾಗ ಅಮ್ಮ ಎರಡೂ ಕೈ ಎತ್ತಿ ಮುಗಿದರು. ಬುಕ್ ಮಾಡುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಆಟೋ ಇಳಿದ ಮೇಲೆ ಬಾಗಿಲಿನವರೆಗೆ ಎಷ್ಟು ನಡೆಯಬೇಕು, ಎಷ್ಟು ಮೆಟ್ಟಿಲು? ಗಂಗೆ ಕಾಣುವ ರೂಮು ಅಂದರೆ ಸಾಮಾನ್ಯವಾಗಿ ಮೆಟ್ಟಿಲೂ ಜಾಸ್ತಿ.

ವಿಶ್ವನಾಥನ ಈಗಿನ ಗುಡಿ 1780ರಲ್ಲಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ್ದು. ಶಿಖರದ ಚಿನ್ನ ಮಹಾರಾಜ ರಣಜಿತ್ ಸಿಂಗ್ ಕೊಟ್ಟಿದ್ದು. ಗುಡಿಯಿಂದ ಗಂಗೆಯವರೆಗಿನ ಹೊಸ ಪ್ರಾಂಗಣ 2021ರ ಡಿಸೆಂಬರಿನಲ್ಲಿ ತೆರೆಯಿತು. ಹಿಂದೆ ಗಲ್ಲಿಯಲ್ಲಿ ಒತ್ತಿಕೊಂಡು ಹೋಗಿದ್ದ ನನಗೆ ಜಾಗದ ಗುರುತೇ ಹತ್ತಲಿಲ್ಲ. ಆ ಹಳೇ ಗಲ್ಲಿಗಳು ಹೋದವಲ್ಲ ಎಂಬ ಬೇಸರ ನನಗಿದೆ, ಆದರೆ ಮೊಣಕಾಲು ನೋವಿನ ಅಮ್ಮನಿಗೆ ಈಗಿನದೇ ಸಲೀಸು. ಮೊಬೈಲು ಒಳಗೆ ಬಿಡಲ್ಲ, ರೂಮಿನಲ್ಲೇ ಇಟ್ಟು ಹೋಗಿ. ಸೋಮವಾರ, ಶ್ರಾವಣ, ಶಿವರಾತ್ರಿಯ ಆಸುಪಾಸು ತಪ್ಪಿಸಿ.

ಕೇದಾರೇಶ್ವರನನ್ನು ಮಾತ್ರ ತಪ್ಪಿಸಬೇಡಿ. ಅಲ್ಲಿ ಲಿಂಗ ನಮ್ಮ ಕಡೆಯ ಹಾಗೆ ನುಣುಪಾಗಿಲ್ಲ, ತಳಿಗೆಯಲ್ಲಿ ಬಡಿಸಿದ ಹುಗ್ಗಿಗೆ ನಡುವೆ ಗೆರೆ ಎಳೆದ ಹಾಗೆ ಎರಡು ಪಾಲು. ಮಾಂಧಾತ ಅತಿಥಿಗೆಂದು ಪಾಲು ಮಾಡಿದ ಖಿಚಡಿಯೇ ಕಲ್ಲಾಯಿತು ಅಂತ ಸ್ಥಳದ ಕಥೆ. ಆಚೆ ಬಂದರೆ ಕೆಂಪು ಬಿಳಿ ಪಟ್ಟೆಯ ಮೆಟ್ಟಿಲು, ಕೆಳಗೆ ಗಂಗೆ. ಅಮ್ಮ ಸಂಜೆ ಅಲ್ಲೇ ಮೇಲಿನ ಮೆಟ್ಟಿಲ ಮೇಲೆ ಕೂತು ವಿಷ್ಣುಸಹಸ್ರನಾಮ ಪೂರ್ತಿ ಹೇಳಿ ಮುಗಿಸಿದರು.

ಧಾರವಾಡದಿಂದ

ನಾವು ಅವ್ವನ್ನ ಕರ್ಕೊಂಡು ಜಂಗಮವಾಡಿ ಮಠದಾಗ ಇಳದಿದ್ವಿ ನೋಡ್ರಿ, ಗೋದೌಲಿಯಾ ಹತ್ರ. ವೀರಶೈವರ ಪಂಚಪೀಠದಾಗ ಅದು ಕಾಶಿ ಪೀಠ. ಕನ್ನಡ ಕಿವಿಗೆ ಬಿತ್ತು, ಅವ್ವಗ ಅರ್ಧ ದಣಿವು ಅಲ್ಲೇ ಇಳೀತು. ತೀರಿಕೊಂಡವರ ನೆನಪಿಗೆ ಭಕ್ತರು ಇಟ್ಟ ಸಣ್ಣ ಸಣ್ಣ ಲಿಂಗ ಅಲ್ಲಿ ಎಣಿಸಲಿಕ್ಕಾಗದಷ್ಟು ಅದಾವ, ಸಾಲ ಮ್ಯಾಲ ಸಾಲ. ಅವ್ವ ಅಪ್ಪನ ಹೆಸರು ಹೇಳಿ ಒಂದು ಲಿಂಗದ ಮುಂದ ಬಿಲ್ವಪತ್ರಿ ಇಟ್ಟು ಭಾಳ ಹೊತ್ತು ನಿಂತಳು. ನಿಮ್ಮ ತಾಯಿಯವರನ್ನೂ ಒಮ್ಮೆ ಕರ್ಕೊಂಡು ಹೋಗ್ರಿ. ಡಿಸೆಂಬರ್, ಜನವರಿ ಮಂಜಿನಾಗ ರೈಲು ಭಾಳ ತಡಾ ಆಗ್ತಾವ. ನಾವು ಒಂದು ರಾತ್ರಿಪೂರ್ತಿ ಪ್ಲಾಟ್‌ಫಾರಂ ಮ್ಯಾಲ ಕುಂತೀವಿ. ವಯಸ್ಸಾದವರಿಗೆ ಆ ಥಂಡಿ ಬ್ಯಾಡ.

ಶಿವಮೊಗ್ಗದಿಂದ

ತಿಂಗಳ ವಿಷಯಕ್ಕೆ ಸೇರಿಸ್ತೀನಿ: ಮಳೆಗಾಲದಲ್ಲಿ ಗಂಗೆ ಏರಿ ಘಾಟುಗಳೇ ಮುಳುಗುತ್ತವೆ, ದೋಣಿ ನಿಲ್ಲಿಸ್ತಾರೆ. ಅಕ್ಟೋಬರ್, ನವೆಂಬರ್ ಅಥವಾ ಫೆಬ್ರವರಿ ಕೊನೆ ಹಿತ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿ ನೋಡಲು ಚೆಂದ, ಆದರೆ ಆ ಜನಜಂಗುಳಿಯಲ್ಲಿ ಅಮ್ಮನವರು ಬಳಲುತ್ತಾರೆ.

ಗಯೆಯನ್ನು ಮಾತ್ರ ಬಿಡಬೇಡಿ ಅಂತೀನಿ. ತಂದೆಯವರ ಹೆಸರಲ್ಲಿ ಫಲ್ಗು, ವಿಷ್ಣುಪಾದ, ಅಕ್ಷಯವಟ ಮೂರೂ ಕಡೆ ಪಿಂಡ ಇಟ್ಟು ಬಂದ ಮೇಲೆ ನನ್ನ ತಾಯಿ ಆ ರಾತ್ರಿ ನೆಮ್ಮದಿಯಾಗಿ ಮಲಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಾಶಿಯಿಂದ ಸುಮಾರು 250 ಕಿ.ಮೀ., ಹೋಗಿ ಬರಲು ಎರಡು ದಿನ ಬೇರೆಯಾಗಿ ಇಟ್ಟುಕೊಳ್ಳಿ. ಪುರೋಹಿತರನ್ನು ಊರಿನಿಂದಲೇ ಗೊತ್ತು ಮಾಡಿ, ದಕ್ಷಿಣೆ ಎಷ್ಟೆಂದು ಮೊದಲೇ ಮಾತಾಡಿ. ನಾವು ಮಾತಾಡದೆ ಕೂತು, ಸಂಕಲ್ಪದ ನಡುವೆ ಚೌಕಾಸಿ ಶುರುವಾಗಿ ಅಮ್ಮ ಅತ್ತುಬಿಟ್ಟರು.

ಹಿಂದಿರುಗುವ ಮುನ್ನ ಕಾಲಭೈರವನ ಅಪ್ಪಣೆ ಪಡೆದು, ಕಾಶಿದಾರ ಕಟ್ಟಿಸಿಕೊಂಡು ಬನ್ನಿ. ಕಾಶಿಯ ಕ್ಷೇತ್ರಪಾಲ ಅವನೇ. ಗಂಗೆಯ ಗಿಂಡಿ ತಂದರೆ ಮನೆಯಲ್ಲಿ ಗಂಗಾಪೂಜೆ ಮಾಡಿ ನಾಲ್ಕು ಜನಕ್ಕೆ ಊಟ ಹಾಕಿ.

ಬೆಂಗಳೂರಿನಿಂದ

ಸಂಜೆಯ ಆರತಿಗೆ ಎಲ್ಲರೂ ದಶಾಶ್ವಮೇಧಕ್ಕೆ ಓಡುತ್ತಾರೆ. ನಾನು ಅತ್ತೆಯನ್ನು ಬೆಳಗಿನ ಆರತಿಗೆ ಅಸ್ಸಿ ಘಾಟಿಗೆ ಕರೆದೊಯ್ದೆ, ಆರತಿ ಮುಗಿದ ಮೇಲೆ ಶಾಸ್ತ್ರೀಯ ಸಂಗೀತವೂ ಇತ್ತು. ಗಂಗೆ ಇಲ್ಲಿ ಉತ್ತರವಾಹಿನಿ, ಘಾಟುಗಳೆಲ್ಲ ಪೂರ್ವಕ್ಕೆ ಮುಖ, ಹಾಗಾಗಿ ಸೂರ್ಯ ಎದುರು ದಡದಿಂದ ನೇರ ಮುಖಕ್ಕೇ ಬರುತ್ತಾನೆ. ಅಲ್ಲಿಂದಲೇ ದೋಣಿ ಹಿಡಿಯಿರಿ, ಎಲ್ಲಿಂದ ಎಲ್ಲಿವರೆಗೆ, ಎಷ್ಟು ದುಡ್ಡು ಅಂತ ಹತ್ತುವ ಮೊದಲೇ ಗಟ್ಟಿಮಾಡಿ. ಪಂಚಗಂಗಾ ಘಾಟಿನವರೆಗೆ ಹೋಗಿ. ಬಿಸ್ಮಿಲ್ಲಾ ಖಾನ್ ಎಳೆಯ ವಯಸ್ಸಿನಿಂದ ಶಹನಾಯಿ ಅಭ್ಯಾಸ ಮಾಡಿದ ಬಾಲಾಜಿ ಗುಡಿ ಆ ಕಡೆಯೇ ಇದೆ.

ದಾರಿಯಲ್ಲಿ ಶವ ಸುಡುವ ಮಣಿಕರ್ಣಿಕಾ ಘಾಟ್ ಬರುತ್ತದೆ. ಅಲ್ಲಿ ಫೋಟೋ ತೆಗೆಯಬೇಡಿ, ಚಿತೆಯಲ್ಲಿ ಉರಿಯುತ್ತಿರುವುದು ಯಾರದೋ ಅಪ್ಪ, ಯಾರದೋ ಅಮ್ಮ. ಅತ್ತೆ ಹೆದರುತ್ತಾರೇನೋ ಅಂತ ನಾನು ಮಾತು ಬದಲಿಸಲು ನೋಡಿದೆ. ಅವರು ನನ್ನ ಕೈ ಹಿಡಿದು, "ಸುಮ್ನಿರಮ್ಮ, ನೋಡೋಣ" ಅಂದರು. ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿದ.

ಕೇಳಿದವರು

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಅಯೋಧ್ಯೆ, ಪ್ರಯಾಗ ಇನ್ನೊಂದು ಸಲಕ್ಕೆ. ಕಾಶಿ ಐದು ದಿನ, ಗಯೆಗೆ ಎರಡು, ಅಕ್ಟೋಬರಿನಲ್ಲಿ. ಕಾಶಿಯಲ್ಲಿ ಇಷ್ಟದ್ದೊಂದು ಬಿಟ್ಟು ಬರಬೇಕಲ್ಲ, ಏನು ಬಿಡ್ತೀಯ ಅಂತ ಕೇಳಿದೆ. "ಸೀತಾಫಲ" ಅಂದರು. ಅಪ್ಪ ಸಂತೆಯಿಂದ ಅಮ್ಮನಿಗೋಸ್ಕರ ತರುತ್ತಿದ್ದುದು ಅದನ್ನೇ.