ಟ್ಯಾಂಕ್‌ಗೆ ಕರೆಯದೇ ಬಂದವರು, ಮುನಿಸಿಕೊಂಡ ಹವಳ: ನಿಮ್ಮ ಅನುಭವ ಹೇಳಿ

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇವೆ. ಮನೆಯಲ್ಲಿ 40 ಗ್ಯಾಲನ್ ಉಪ್ಪುನೀರಿನ ಟ್ಯಾಂಕ್ ಇದೆ. ಲೈವ್ ರಾಕ್ (ಸಮುದ್ರಜೀವಿಗಳು ನೆಲೆಸಿರುವ ಕಲ್ಲು) ಜೊತೆ ಏನೇನೋ ಬಂದಿದೆ. ಲೈಟ್ ಆರಿಸಿದರೆ ಸಂದಿಯಿಂದ ಮೈತುಂಬ ಮುಳ್ಳಿರುವ ಗುಲಾಬಿ ಹುಳು ಹೊರಬರುತ್ತದೆ. ಕಂದು ಬಣ್ಣದ ಹೂವಿನಂಥದ್ದು ಒಂದೆರಡಿತ್ತು, ಈಗ ಕಲ್ಲಿನ ತುಂಬ ಅದೇ. ಗೋನಿಯೋಪೋರಾ ಹವಳ ಅರಳುವುದನ್ನೇ ಬಿಟ್ಟಿದೆ. ಕಲ್ಲನ್ನೆಲ್ಲ ತೆಗೆದು ಕುದಿಸಿಬಿಡೋಣ ಅಂತಾರೆ ನಮ್ಮನೆಯವರು. ಏನು ಮಾಡಲಿ?

ಉತ್ತರ 1: ಮೇಡಂ, ಕುದಿಸೋ ಮಾತೇ ಬೇಡ! ಕಲ್ಲಿನ ಮೇಲೆ ಜೋವಾಂಥಿಡ್ (ಹವಳದ ಬಳಗದ, ಹೂವಿನಂಥ ಪುಟ್ಟ ಜೀವಿ) ಇದ್ದರೆ ಅದರಲ್ಲಿ ಪಾಲಿಟಾಕ್ಸಿನ್ ಅನ್ನೋ ಭಾರಿ ವಿಷ ಇರಬಹುದು. ಹಾಗೆ ಕುದಿಸಿ, ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು. ಕಲ್ಲು ಮುಟ್ಟುವಾಗಲೂ ಗ್ಲೌಸ್, ಕನ್ನಡಕ ಇರಲಿ.

ಹುಳು ಬ್ರಿಸಲ್ ವರ್ಮ್ ಇರಬೇಕು. ಮೀನು ಬಿಟ್ಟ ಊಟ, ಸತ್ತದ್ದು ಎಲ್ಲ ತಿಂದು ಸ್ವಚ್ಛ ಮಾಡುತ್ತದೆ, ಇರಲಿ ಬಿಡಿ. ವಿಪರೀತ ಹೆಚ್ಚಿದರೆ ನೀವು ಊಟ ಜಾಸ್ತಿ ಹಾಕ್ತಿದ್ದೀರಿ ಅಂತ ಅರ್ಥ. ಮುಳ್ಳು ಚುಚ್ಚಿದರೆ ಸೆಲ್ಲೋಟೇಪ್ ಅಂಟಿಸಿ ಕೀಳಿ.

ಕಂದು ಹೂವು ಐಪ್ಟೇಷಿಯಾ, ಅಂದರೆ ಕುಟುಕುವ ಒಂದು ಸಣ್ಣ ಸೀ ಅನಿಮೋನ್, ಗಿಡವಲ್ಲ, ಪ್ರಾಣಿ. ನಿಜವಾದ ತಲೆನೋವು ಇದೇ. ಕಿತ್ತರೆ, ಜಜ್ಜಿದರೆ ಉಳಿದ ಚೂರಿನಿಂದಲೇ ಮತ್ತೆ ಹುಟ್ಟುತ್ತದೆ. ಪಂಪ್ ನಿಲ್ಲಿಸಿ, ಕಾಲ್ಕ್‌ವಾಸರ್ ಪುಡಿಯನ್ನು ಗಟ್ಟಿಯಾಗಿ ಕಲಸಿ ಸಿರಿಂಜಿನಲ್ಲಿ ಅದರ ಬಾಯಿಗೆ ಬಿಡಿ. (ಅದೂ ಸುಣ್ಣವೇ! ಹಾಗಂತ ಎಲೆಅಡಿಕೆ ಡಬ್ಬಿಗೆ ಕೈ ಹಾಕಬೇಡಿ, ಅಕ್ವೇರಿಯಂಗೆ ಅಂತ ಸಿಗೋದನ್ನೇ ತನ್ನಿ.) ಒಂದೇ ಸಲ ಎಲ್ಲಕ್ಕೂ ಬಿಟ್ಟರೆ ಪಿಎಚ್ ಏರುತ್ತದೆ, ದಿನಕ್ಕೆ ಕೆಲವಕ್ಕೆ ಸಾಕು. ಪೆಪ್ಪರ್‌ಮಿಂಟ್ ಸೀಗಡಿಯೂ ಇದನ್ನು ತಿನ್ನುತ್ತದೆ, ಆದರೆ ತಂದ ಪ್ರತಿಯೊಂದು ಸೀಗಡಿಯೂ ತಿನ್ನುತ್ತದೆ ಅಂತಲ್ಲ. ಅಂಗಡಿಯಲ್ಲಿ ಬೆನ್ನು ಗೂನಾದ ಕ್ಯಾಮೆಲ್ ಸೀಗಡಿಯನ್ನು ಅದೇ ಅಂತ ಕೊಟ್ಟುಬಿಡ್ತಾರೆ, ಹುಷಾರು. ಅದು ಹವಳಕ್ಕೇ ಬಾಯಿ ಹಾಕುತ್ತದೆ.

ಉತ್ತರ 2: ಗೋನಿಯೋಪೋರಾ ಸಾಕಿದವನಾಗಿ ನನ್ನ ಮಾತು. ಅದನ್ನು ದಿನಕ್ಕೊಂದು ಜಾಗಕ್ಕೆ ಎತ್ತಿಡಬೇಡಿ. ಹೆಚ್ಚಿನ ಸಲ ಕಾರಣ ಅಲ್ಕಲಿನಿಟಿ (ಪಿಎಚ್ ಏರಿಳಿಯದಂತೆ ತಡೆಯುವ ನೀರಿನ ಗುಣ) ಏರಿಳಿತ. 8 ಅಥವಾ 9 ಡಿಕೆಎಚ್ (ಅದನ್ನು ಅಳೆಯೋ ಮಾನ), ಯಾವುದಾದರೂ ಸರಿ, ಒಂದೇ ಕಡೆ ನಿಲ್ಲಬೇಕು. ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಉಪ್ಪು 35 ಪಿಪಿಟಿ (ಸಾವಿರಕ್ಕೆ 35 ಭಾಗ) ಹತ್ತಿರ ಇರಲಿ. ಡಲ್ಲಾಸ್‌ನಲ್ಲಿ ಎಸಿ ಓಡ್ತಾನೇ ಇರುತ್ತದೆ ಅಲ್ವಾ, ನೀರು ಆರಿ ಉಪ್ಪು ಏರುತ್ತದೆ. ಆರಿದ್ದಕ್ಕೆ ಉಪ್ಪುನೀರು ಹಾಕಬೇಡಿ, ಬರೀ ಆರ್‌ಒಡಿಐ ನೀರು (ಉಪ್ಪು, ಖನಿಜ ಎಲ್ಲ ಸೋಸಿ ತೆಗೆದ ಶುದ್ಧ ನೀರು) ಹಾಕಿ.

ಇನ್ನೊಂದು, ನೀರು ತೀರಾ ಶುದ್ಧವಾದರೂ ಇದಕ್ಕೆ ಆಗಲ್ಲ. ನೈಟ್ರೇಟ್, ಫಾಸ್ಫೇಟ್ ಸೊನ್ನೆ ತೋರಿಸಿದರೆ ಖುಷಿಪಡಬೇಡಿ. ಪಕ್ಕದಲ್ಲಿ ಟಾರ್ಚ್ ಹವಳ ಏನಾದರೂ ಇದೆಯಾ? ಅದು ಉದ್ದನೆಯ ಎಳೆ ಚಾಚಿ ಪಕ್ಕದ್ದನ್ನು ಕುಟುಕುತ್ತದೆ.

ಉತ್ತರ 3: ಬೆಂಗಳೂರಿಂದ. ಇದನ್ನು ಓದಿ ಇಲ್ಲಿ ಶುರು ಮಾಡುವವರಿಗೆ ಒಂದು ಮಾತು. ಕಲ್ಲಿನಂಥ ಗಟ್ಟಿ ಹವಳಗಳಿಗೆಲ್ಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದಾಗ ಒಂದು ಚೂರೂ ತರೋ ಹಾಗಿಲ್ಲ.

ಮೇಡಂ, ನಿಮಗೆ: ಬ್ಯಾಟರಿ ಟಾರ್ಚಿಗೆ ಕೆಂಪು ಸೆಲ್ಲೋಫೇನ್ ಸುತ್ತಿ, ಹವಳಕ್ಕೆ ಯಾವುದಾದರೂ ಜೀವಿ ಬಾಯಿ ಹಾಕುತ್ತದಾ ಅಂತ ರಾತ್ರಿ ನೋಡಿ. ಬಿಳಿ ಬೆಳಕಿಗೆ ಅಡಗುವವು ಕೆಂಪಿಗೆ ಅಷ್ಟಾಗಿ ಹೆದರಲ್ಲ.

ಪ್ರಶ್ನೆ ಕೇಳಿದವರು: ಟಾರ್ಚ್ ಉಪಾಯ ಮಾಡಿದೆ! ಹುಳು ಪಾಪ, ಮೀನಿನ ಊಟದ ಒಂದು ಕಾಳನ್ನು ಸಂದಿಗೆ ಎಳೆದುಕೊಂಡು ಹೋಗುತ್ತಿತ್ತು. ಆದರೆ ಗೋನಿಯೋಪೋರಾ ಬುಡದಲ್ಲಿ ಉಗುರಷ್ಟು ದೊಡ್ಡ ಏಡಿ. ಮೈಯೆಲ್ಲ ರೋಮ, ಮುಂಗಾಲಿನ ತುದಿ ಕಪ್ಪು. ಹವಳದ ಅಂಚನ್ನು ಚಿವುಟಿ ಚಿವುಟಿ ಬಾಯಿಗಿಡುತ್ತಿತ್ತು. ಕೈ ಹಾಕುವಷ್ಟರಲ್ಲಿ ಮಾಯ. ಅಲ್ಕಲಿನಿಟಿಯೂ ನಿನ್ನೆ 9.2, ಇವತ್ತು 7.9.

ಉತ್ತರ 1: ಹಾಗಾದರೆ ಕಾರಣ ಎರಡೂ ಇರಬಹುದು. ಏಡಿ ಹೊರಗೆ ಹೋಗಲೇಬೇಕು. ಚಿಕ್ಕ ಗಾಜಿನ ಲೋಟದೊಳಗೆ ಸೀಗಡಿ ತುಂಡು ಹಾಕಿ, ಆ ಕಲ್ಲಿಗೆ ಓರೆಯಾಗಿ ಒರಗಿಸಿಡಿ. ಇಳಿಯುತ್ತದೆ, ನುಣುಪು ಗಾಜು ಹತ್ತಿ ಬರಲಾರದು. ಅಲ್ಕಲಿನಿಟಿಯನ್ನು ಒಂದೇ ಏಟಿಗೆ 9ಕ್ಕೆ ಏರಿಸಬೇಡಿ. ಈಗಿರುವಲ್ಲೇ ನಿಲ್ಲಿಸಿ, ಆಮೇಲೆ ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಬೇಡ.