ಎಲೆಕ್ಟ್ರಿಕ್ ಬಸ್ಸಿನೊಳಗೆ ಲಟಲಟ ಸದ್ದು ಯಾಕಿಷ್ಟು?

ಕಿಟಕಿಪಕ್ಕ:
ದಿನಾ ಓಡಾಡೋದು ಸಿಟಿ ಬಸ್ಸಲ್ಲೇ. ನಮ್ಮ ರೂಟಲ್ಲಿ ಮೂರು ಥರದ್ದು ಓಡ್ತವೆ: ಮುಂದೆ ಇಂಜಿನ್ ಇರೋ ಹಳೇ ಡೀಸೆಲ್, ಹಿಂದೆ ಇಂಜಿನ್ ಇರೋ ಲೋ ಫ್ಲೋರ್, ಈಗ ಬಂದಿರೋ ಎಲೆಕ್ಟ್ರಿಕ್. ಎಲೆಕ್ಟ್ರಿಕ್ ಬಸ್ಸು ಸ್ಟಾಪಲ್ಲಿ ನಿಂತಾಗ ಪಕ್ಕದವರ ಫೋನಲ್ಲಿ ಆ ಕಡೆಯವರು ಮಾತಾಡೋದೂ ಕೇಳ್ಸುತ್ತೆ. ಹೊರಟು ಒಂದು ಹಂಪ್ ಸಿಕ್ಕಿದ್ರೆ ಸಾಕು, ತಲೆ ಮೇಲಿನ ಪ್ಯಾನೆಲ್ಲು, ಬಾಗಿಲು, ಸೀಟಿನ ಹಿಡಿಕೆ ಎಲ್ಲಾ ಲಟಲಟ. ಡೆಸಿಬೆಲ್ ಆ್ಯಪಲ್ಲಿ ನೋಡಿದ್ರೆ ಮೂರರಲ್ಲಿ ಇದೇ ಕಮ್ಮಿ. ಆದ್ರೂ ಇಳಿಯೋಷ್ಟರಲ್ಲಿ ತಲೆ ಚಿಟ್ಟು ಹಿಡಿದಿರುತ್ತೆ. ಬಾಡಿ ಕಳಪೆನಾ, ನನ್ನ ಕಿವಿ ಸರಿಯಿಲ್ವಾ? ಬಲ್ಲವರು ಹೇಳಿ.

ಲಾಸ್ಟ್‌ಸೀಟ್:
ಹಿಂದಿನ ಚಕ್ರದ ಮೇಲೆ ಕೂತಿದ್ರೆ ಯಾವ ಬಸ್ಸಾದ್ರೂ ಹಂಗೇ ಗುರು. ಎರಡು ಆಕ್ಸಲ್ ನಡುವಿನ ಸೀಟು ಹಿಡಿ.

ರಿವೆಟ್ಟು:
ಬಸ್ ಬಾಡಿ ಕಟ್ಟೋ ಶೆಡ್ಡಲ್ಲಿ ಬಹಳ ವರ್ಷ ಕೆಲಸ ಮಾಡ್ದೋನು ನಾನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನಿಮ್ಮ ಕಿವಿ ಚೆನ್ನಾಗೇ ಇದೆ. ಆ್ಯಪು ಒಂದು ಅವಧಿಯ ಸರಾಸರಿ ತೋರಿಸುತ್ತೆ. ಲಟಕ್ ಅನ್ನೋದು ಕಣ್ಣು ಮಿಟುಕಿಸೋಷ್ಟರಲ್ಲಿ ಬಂದು ಹೋಗೋ ಸದ್ದು, ಸರಾಸರೀಲಿ ಕರಗಿಹೋಗುತ್ತೆ, ಆದ್ರೆ ತಲೇಲಿ ಉಳಿಯೋದು ಅದೇ. ಇನ್ನು ಡೀಸೆಲ್ ಲೆಕ್ಕ ನೋಡಿ. ಆರು ಸಿಲಿಂಡರ್ ಇಂಜಿನ್ ನಿಂತಲ್ಲೇ ನಿಮಿಷಕ್ಕೆ 650 ಸುತ್ತು ತಿರುಗ್ತಿದೆ ಅನ್ಕೊಳ್ಳಿ. ಒಂದೊಂದು ಸುತ್ತಲ್ಲೂ ಮೂರು ಸಲ ಫೈರ್ ಆದ್ರೆ ಸೆಕೆಂಡಿಗೆ ಸುಮಾರು 32 ಬಡಿತ. ಆ್ಯಪಲ್ಲಿ ಮಾಮೂಲಿಯಾಗಿ ಇರೋ 'ಎ' ಅಳತೆ (ನಮ್ಮ ಕಿವಿಗೆ ಕೇಳೋ ರೀತಿಗೆ ಹೊಂದಿಸಿದ್ದು) ಇಂಥ ತಗ್ಗಿನ ಸದ್ದಲ್ಲಿ ಹತ್ತಿರ ಹತ್ತಿರ 39 ಡೆಸಿಬೆಲ್ ಕಳೆದೇ ತೋರಿಸೋದು. ಅಂದ್ರೆ ಹಳೇ ಬಸ್ಸಿನ ಗುಡುಗುಡು ಎಷ್ಟಿತ್ತು ಅನ್ನೋದೂ ಆ ನಂಬರಲ್ಲಿ ಪೂರ್ತಿ ಬಂದಿಲ್ಲ. 'ಸಿ' ಗೆ ಬದಲಾಯಿಸಿ ನೋಡಿ, ಅಲ್ಲಿ ಕಳೆಯೋದು ಮೂರೇ.

ಆ ಗುಡುಗುಡು ಇತ್ತಲ್ಲ, ಅದೇ ಲಟಲಟಾನ ಮುಚ್ಚಿಹಾಕ್ತಿದ್ದಿದ್ದು. ಮಿಕ್ಸಿ ಓಡ್ತಿರುವಾಗ ನಲ್ಲಿ ತೊಟ್ಟಿಕ್ಕೋದು ಕೇಳಲ್ಲ, ಹಂಗೆ. ಅದೇ ಹಳೇ ಬಸ್ಸನ್ನ ಇಂಜಿನ್ ಆಫ್ ಮಾಡಿ ಇಳಿಜಾರಲ್ಲಿ ಬಿಟ್ರೆ ಡಬ್ಬ ಉರುಳಿಸಿದಂಗೆ ಕೇಳ್ಸುತ್ತೆ (ದಯವಿಟ್ಟು ಯಾರೂ ಮಾಡಬೇಡಿ, ಬ್ರೇಕಿಗೆ ಗಾಳಿ ತುಂಬೋದು ಆ ಇಂಜಿನ್ನೇ).

ಹಂಗಂತ ತಪ್ಪೆಲ್ಲ ನಿಶ್ಶಬ್ದದ್ದೇ ಅನ್ನಲ್ಲ. ಒಂದು ಪರೀಕ್ಷೆ ಮಾಡಿ. ಕಿಟಕಿ ಮೇಲೆ ಉದ್ದಕ್ಕೂ ಇರೋ ಪ್ಯಾನೆಲ್ ಮುಚ್ಚಳ ನೋಡಿ, ಒಳಗೆ ವೈರಿಂಗು, ಏಸಿ ಡಕ್ಟು ಇರುತ್ತೆ. ರಿಪೇರಿಗೆ ತೆಗೀಬೇಕು ಅಂತ ಕಾಲು ಸುತ್ತು ತಿರುಗೋ ಲಾಕ್ ಕೊಟ್ಟಿರ್ತಾರೆ, ಅಂಚಿಗೆ ಫೋಮ್ ಪಟ್ಟಿ. ಹತ್ತಾರು ಸಲ ತೆಗೆದು ಹಾಕಿದ ಮೇಲೆ ಫೋಮ್ ಚಪ್ಪಟೆ ಆಗುತ್ತೆ, ಲಾಕು ಸಡಿಲ. ಹಾಳು ರಸ್ತೇಲಿ ಅದರ ಮೇಲೆ ಅಂಗೈ ಒತ್ತಿ ಹಿಡೀರಿ. ಸದ್ದು ನಿಂತ್ರೆ ಬರೀ ಫಿಟಿಂಗ್ ತೊಂದರೆ, ಬಾಡಿ ಗಟ್ಟಿಯಾಗೇ ಇದೆ. ಪಾದದಡಿ ಧಡ್ ಅಂತ ಬಂದ್ರೆ ಸಸ್ಪೆನ್ಷನ್ನಿನ ಬುಷ್ (ಜೋಡಣೆಯೊಳಗಿನ ರಬ್ಬರ್ ಬಳೆ) ನೋಡಿಸಬೇಕು. ತಿರುವಲ್ಲಿ ಕಂಬಿಯ ಬುಡ ಕಿರ್ರ್ ಅಂದ್ರೆ ಮಾತ್ರ ನಂಗೆ ಫ್ರೇಮ್ ಮೇಲೆ ಅನುಮಾನ.

ಫ್ರೇಮ್ ವಿಷಯಕ್ಕೆ ಒಬ್ಬೊಬ್ಬರದು ಒಂದೊಂದು ದಾರಿ. ಸೋಲಾರಿಸ್ ಉರ್ಬಿನೋದ್ದು ಸ್ಟೇನ್‌ಲೆಸ್ ಸ್ಟೀಲ್ ಅಸ್ಥಿಪಂಜರ, ವೋಲ್ವೊ 7700 ಅಲ್ಯೂಮಿನಿಯಂ, 1997ರಲ್ಲಿ ಬಂದ ಮರ್ಸಿಡಿಸ್ ಸಿಟಾರೊ ಸ್ಟೀಲ್ ಬಾಡಿ, ತುಕ್ಕು ಹಿಡೀದಂಗೆ ಇಡೀ ಬಾಡಿ ಪೇಂಟಲ್ಲಿ ಅದ್ದಿ ತೆಗೀತಾರೆ. ಮೂರೂ ಒಳ್ಳೇದೇ. ಪ್ರಯಾಣಿಕರ ಕಿವಿಗೆ ಇದಕ್ಕಿಂತ ಗಾಜು ಮುಖ್ಯ. ಫ್ರೇಮಿಗೆ ಅಂಟಿಸಿದ ಗಾಜು ಅಲ್ಲಾಡಲ್ಲ, ಬಾಡೀಗೂ ಬಿಗಿ ಕೊಡುತ್ತೆ. ಸರಿಸೋ ಗಾಜಾದ್ರೆ ಅದು ಜಾರೋ ಚಾನೆಲ್ಲಿನ ಫೆಲ್ಟ್ (ಮೆತ್ತನೆ ಬಟ್ಟೆ ಪಟ್ಟಿ) ಸವೆದ ದಿನದಿಂದ ಹಾಡೋಕೆ ಶುರು.

ಕಿಟಕಿಪಕ್ಕ:
ಅಬ್ಬಾ, ಥ್ಯಾಂಕ್ಸ್ ಸರ್! ಇನ್ನೊಂದು ಸದ್ದಿದೆ, ನಿಧಾನ ಆಗುವಾಗ ಗುಂಯ್ ಅನ್ನೋದು. ಆಮೇಲೆ ಸ್ಟಾಪಲ್ಲಿ ನಿಂತಿರುವಾಗ ಇದ್ದಕ್ಕಿದ್ದಂಗೆ ಟ್ರರ್ರ್ ಅಂತ ಏನೋ ಶುರುವಾಗುತ್ತೆ.

ರಿವೆಟ್ಟು:
ಗುಂಯ್ ಅನ್ನೋದು ಮೋಟಾರು, ಅದರ ಗೇರುಗಳದ್ದು. ನಿಧಾನ ಆಗುವಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತಲ್ಲ, ಲೋಡ್ ತಿರುಗುಮುರುಗು ಆಗುತ್ತೆ. ಮೋಟಾರನ್ನ ಚಕ್ರದ ಹತ್ತಿರವೇ ಕೂರಿಸಿರೋ ಆಕ್ಸಲ್ ಆದ್ರೆ ಹಿಂದಿನ ಸೀಟಿನೋರಿಗೆ ಇನ್ನೂ ಚೆನ್ನಾಗಿ ಕೇಳ್ಸುತ್ತೆ. ಟ್ರರ್ರ್ ಅನ್ನೋದು ಏರ್ ಕಂಪ್ರೆಸರ್. ಬ್ರೇಕು, ಬಾಗಿಲು, ಏರ್ ಸಸ್ಪೆನ್ಷನ್ ಎಲ್ಲಕ್ಕೂ ಗಾಳಿ ಬೇಕು. ಡೀಸೆಲ್ಲಲ್ಲಿ ಅದು ಇಂಜಿನ್ ಜೊತೆಗೇ ತಿರುಗ್ತಿತ್ತು, ಇಲ್ಲಿ ಅದಕ್ಕೆ ಬೇರೆ ಮೋಟಾರು, ಟ್ಯಾಂಕಲ್ಲಿ ಒತ್ತಡ ಇಳಿದಾಗ ಆನ್ ಆಗುತ್ತೆ.

ಲಾಸ್ಟ್‌ಸೀಟ್:
ಬಸ್ಸಿನ ಹೊರಗೆ ನಿಂತ್ರೂ ಮೆಲ್ಲಗೆ ಹೋಗುವಾಗ ಏನೋ ರಾಗ ಬರುತ್ತಲ್ಲ, ಅದೂ ಕಂಪ್ರೆಸರ್ರಾ?

ರಿವೆಟ್ಟು:
ಅಲ್ಲ, ಅದು ಸ್ಪೀಕರ್. ರಸ್ತೆ ದಾಟೋರಿಗೆ, ಕಣ್ಣು ಕಾಣದವರಿಗೆ ಗೊತ್ತಾಗಲಿ ಅಂತ ಬೇಕಂತಲೇ ಹಾಕಿರೋದು. ವಿಶ್ವಸಂಸ್ಥೆಯ 138ನೇ ವಾಹನ ನಿಯಮದಲ್ಲಿ ಗಂಟೆಗೆ 20 ಕಿ.ಮೀ. ವೇಗದವರೆಗೆ ಈ ಸದ್ದು ಬೇಕು ಅಂತಿದೆ. ಆಮೇಲೆ ಟೈರಿನ ಸದ್ದೇ ಸಾಕಾಗುತ್ತೆ.

ಕಿಟಕಿಪಕ್ಕ:
ಇವತ್ತು ಅಂಗೈ ಒತ್ತಿ ನೋಡಿದೆ ಸರ್. ಪ್ಯಾನೆಲ್ ಥಟ್ಟನೆ ಸುಮ್ಮನಾಯ್ತು, ಎದುರಿನ ಸೀಟಿನೋರು ನನ್ನನ್ನೇ ನೋಡ್ತಿದ್ರು. ಮಧ್ಯದ ಬಾಗಿಲು ಮಾತ್ರ ಬಡ್ಕೊಳ್ತಾನೇ ಇದೆ. ಒಳಗೆ ತೆರ್ಕೊಳ್ಳೋ ಎರಡು ರೆಕ್ಕೆದು.

ರಿವೆಟ್ಟು:
ಆ ಥರದ ಬಾಗಿಲಲ್ಲಿ ಎರಡು ರೆಕ್ಕೆ ಕೂಡೋ ರಬ್ಬರ್ ಗಟ್ಟಿಯಾಗಿರುತ್ತೆ, ಇಲ್ಲಾ ಮೇಲಿನ ಗೈಡ್ ರೋಲರ್ ಸವೆದಿರುತ್ತೆ. ಹೊರಗೆ ಬಂದು ಜಾರೋ ಬಾಗಿಲು ರಬ್ಬರಿಗೆ ಒತ್ಕೊಂಡು ಕೂರೋದ್ರಿಂದ ಅದರಲ್ಲಿ ಈ ಕಾಟ ಕಮ್ಮಿ. ಬಸ್ಸಿನ ನಂಬರು, 'ಮಧ್ಯದ ಬಾಗಿಲು, ಮೇಲಿನ ರೋಲರ್' ಅಂತ ಬರೆದು ಡಿಪೋಗೆ ಕಳಿಸಿ. 'ಬಸ್ಸು ಸದ್ದು ಮಾಡುತ್ತೆ' ಅಂತ ಬರೆದ್ರೆ ಯಾರೂ ಸ್ಪ್ಯಾನರ್ ಎತ್ತಲ್ಲ.