ಬಾರ್ಸಿಲೋನಾದಲ್ಲಿ ಮಗುವಿಗೆ ಯಾವ ಭಾಷೆ ಕಲಿಸಬೇಕು?

ಗುಂಪಿನ ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಬಾರ್ಸಿಲೋನಾಕ್ಕೆ ಬರಲಿರುವ ದಂಪತಿ, ಮೂರು ವರ್ಷದ ಮಗಳಿಗೆ ಈಗಿನಿಂದಲೇ ಸ್ಪ್ಯಾನಿಷ್ ಕಲಿಸಬೇಕೆ, ಅದಕ್ಕಾಗಿ ಮನೆಯಲ್ಲಿ ಕನ್ನಡವನ್ನು ಸ್ವಲ್ಪ ಕಾಲ ಬದಿಗಿಡಬೇಕೆ ಎಂದು ಇಲ್ಲಿ ಕೇಳಿದ್ದರು. ಉತ್ತರಿಸಿದವರಲ್ಲಿ ಹೆಚ್ಚಿನವರು ಮ್ಯಾಡ್ರಿಡ್‌ನವರು. ಬಾರ್ಸಿಲೋನಾದ ಸಂಗತಿ ತುಸು ಬೇರೆಯಾದ್ದರಿಂದ, ಏಳು ವರ್ಷ ಇಲ್ಲಿ ಸಂಸಾರ ಮಾಡಿದವನಾಗಿ ಕೆಲವು ಮಾತು ಸೇರಿಸುತ್ತೇನೆ.

ಇಲ್ಲಿಯ ಸರಕಾರಿ ಶಾಲೆಯಲ್ಲಿ ಮಗುವಿನ ಕಿವಿಗೆ ಮೊದಲು ಬೀಳುವುದು ಸ್ಪ್ಯಾನಿಷ್ ಅಲ್ಲ, ಈ ಕತಲೂನ್ಯಾ ಪ್ರಾಂತ್ಯದ ಸ್ವಂತ ಭಾಷೆಯಾದ ಕತಲಾನ್. ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೊನ ಆಳ್ವಿಕೆಯಲ್ಲಿ ಶಾಲೆಯಿಂದ ಹೊರಗೆ ಉಳಿದಿದ್ದ ಈ ಭಾಷೆಯನ್ನು 1983ರ ಕಾಯಿದೆ ಮತ್ತೆ ತರಗತಿಯೊಳಕ್ಕೆ ತಂದಿತು. ನಮ್ಮಲ್ಲಿ ಗೋಕಾಕ್ ಚಳವಳಿ ಬೀದಿಗಿಳಿದದ್ದು ಅದಕ್ಕೆ ಒಂದು ವರ್ಷ ಮೊದಲು, 1982ರಲ್ಲಿ, ಎಂಬುದನ್ನು ನೆನೆದರೆ ಇಲ್ಲಿಯವರ ಹಟ ನಮಗೆ ಅಷ್ಟೇನೂ ಅಪರಿಚಿತವೆನಿಸುವುದಿಲ್ಲ. ಜಗಳವೂ ಮುಗಿದಿಲ್ಲ, ಪಾಠದಲ್ಲಿ ಕನಿಷ್ಠ ಶೇ 25ರಷ್ಟು ಸ್ಪ್ಯಾನಿಷ್‌ನಲ್ಲಿರಬೇಕೆಂದು ನ್ಯಾಯಾಲಯ 2020ರಲ್ಲಿ ಹೇಳಿದ ಮೇಲೆ ಅದರ ಸುತ್ತ ವಾದ ನಡೆದೇ ಇದೆ. ಮಗುವಿಗೆ ಇದಾವುದೂ ತಟ್ಟುವುದಿಲ್ಲ. ತರಗತಿಯಲ್ಲಿ ಕತಲಾನ್, ಆಟದ ಬಯಲಿನಲ್ಲಿ ಸ್ಪ್ಯಾನಿಷ್, ಹೀಗೆ ಎರಡನ್ನೂ ಅದು ತಾನಾಗಿಯೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಆ ಎರಡು ಭಾಷೆಗಳನ್ನು ಶಾಲೆಗೆ ಬಿಟ್ಟು ಮನೆಯಲ್ಲಿ ಕನ್ನಡವನ್ನೇ ಆಡಿರಿ. ನಾವು ಮೊದಲ ವರ್ಷ ನಮ್ಮ ಹರುಕುಮುರುಕು ಸ್ಪ್ಯಾನಿಷ್‌ನಲ್ಲಿ ಮಗಳೊಡನೆ ಮಾತನಾಡಿ, ಅವಳ ಕನ್ನಡವನ್ನು ಕುಂಟಿಸಿದೆವೇ ಹೊರತು ಬೇರೇನೂ ಸಾಧಿಸಲಿಲ್ಲ.

ಕತಲಾನ್ ಕಲಿಯಬೇಕಾದವರು ದೊಡ್ಡವರು. "ಸ್ಪ್ಯಾನಿಷ್ ಬಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಇನ್ನೊಂದು ಯಾಕೆ?" ಎಂದು ಕೇಳುವ ನಮ್ಮವರೇ, ಬೆಂಗಳೂರಿನಲ್ಲಿ ಹತ್ತು ವರ್ಷವಿದ್ದೂ ಹಿಂದಿಯಲ್ಲೇ ವ್ಯವಹರಿಸುವವರ ಬಗ್ಗೆ ಗೊಣಗುತ್ತಿದ್ದವರು. ನಾನೂ ಆ ಸಾಲಿನಲ್ಲಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಕತಲಾನ್ ಕಲಿಸುವುದಕ್ಕೆಂದೇ ಇಲ್ಲಿ 1989ರಿಂದ ಒಂದು ಸಾರ್ವಜನಿಕ ಒಕ್ಕೂಟವಿದೆ. ಅದರ ಯೋಜನೆಯೊಂದರಲ್ಲಿ ಕಲಿಯುವವರಿಗೆ ಸ್ಥಳೀಯರೊಬ್ಬರನ್ನು ಜೊತೆ ಮಾಡಿ, ಒಟ್ಟು ಹತ್ತು ಗಂಟೆ ಬರೀ ಹರಟೆ ಹೊಡೆಯಲು ಬಿಡುತ್ತಾರೆ. ನನಗೆ ಸಿಕ್ಕವರು ಒಬ್ಬರು ನಿವೃತ್ತ ಮಹಿಳೆ. ನಾನು ತಡವರಿಸಿದೊಡನೆ ಸ್ಪ್ಯಾನಿಷ್‌ಗೆ ಹೊರಳುವುದು ಅವರ ಅಭ್ಯಾಸವಾಗಿತ್ತು. ಹಾಗೆ ಹೊರಳಬೇಡಿರೆಂದು ಕೇಳಿಕೊಂಡಾಗ ಅವರು ನಕ್ಕು, ಇದು ನಮ್ಮೂರಿನ ಹಳೆಯ ರೋಗ ಎಂದರು. ಆ ರೋಗ ಬೆಂಗಳೂರಿಗೂ ಇದೆ ಎಂದು ನಾನು ಹೇಳಿದೆ.

ಇನ್ನು ಮನೆಯ ವಿಚಾರ. ಬಾಡಿಗೆ ಜಾಹೀರಾತಿನಲ್ಲಿ ಒಂದನೇ ಮಹಡಿ ಎಂದಿದ್ದರೆ ಅದನ್ನು ಹಾಗೆಯೇ ನಂಬಬೇಡಿರಿ. 1859ರಲ್ಲಿ ಸೆರ್ದಾ ಎಂಬ ಎಂಜಿನಿಯರ್ ನಕ್ಷೆ ಹಾಕಿದ ಎಶಾಂಪ್ಲ ಬಡಾವಣೆಯ ಹಳೆಯ ಕಟ್ಟಡಗಳಲ್ಲಿ ನೆಲದಂತಸ್ತಿನ ಮೇಲೆ ಒಂದು ನಡು ಅಂತಸ್ತು, ಅದರ ಮೇಲೆ ಹಿಂದಿನ ಮಾಲೀಕರು ವಾಸವಿದ್ದ ಮುಖ್ಯ ಅಂತಸ್ತು, ಅದರ ಮೇಲೆ ಒಂದನೇ ಮಹಡಿ ಇರುವುದುಂಟು. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಮಗುವನ್ನೂ ಅಕ್ಕಿಯ ಮೂಟೆಯನ್ನೂ ಹೊತ್ತು ಹತ್ತುವಾಗ ಈ ಲೆಕ್ಕ ಚೆನ್ನಾಗಿ ಮನದಟ್ಟಾಗುತ್ತದೆ. ಅಡುಗೆಮನೆ ಸಾಮಾನ್ಯವಾಗಿ ಕಟ್ಟಡದ ನಡುವಿನ ಕಿರಿದಾದ ಬೆಳಕಿನ ಬಾವಿಯತ್ತ ತೆರೆದುಕೊಂಡಿರುತ್ತದೆ. ಎಲ್ಲರ ಬಟ್ಟೆ ಒಣಗುವುದೂ ಅಲ್ಲಿಯೇ, ಎಲ್ಲರ ಅಡುಗೆಯ ವಾಸನೆ ಏರುವುದೂ ಅಲ್ಲಿಯೇ. ನಮ್ಮ ಇಂಗಿನ ಒಗ್ಗರಣೆ ಮೇಲಿನ ಮನೆಯವರ ಒಗೆದ ಹಾಸುಬಟ್ಟೆಗೆ ಹತ್ತಿ, ಮೊದಲ ಪರಿಚಯವೇ ಕ್ಷಮೆ ಕೇಳುವುದರಿಂದ ಆರಂಭವಾಯಿತು. ಅವರು ಕೋಪಕ್ಕಿಂತ ಹೆಚ್ಚಾಗಿ ಕುತೂಹಲದಿಂದ ಬಂದಿದ್ದರು. ಕುಕ್ಕರ್ ಮೂರು ಸಲ ಕೂಗಿದ್ದು ಏಕೆ ಎಂಬುದು ಅವರ ಎರಡನೆಯ ಪ್ರಶ್ನೆಯಾಗಿತ್ತು. ಅಂದಹಾಗೆ ಉದ್ದಿನಬೇಳೆ, ಕರಿಬೇವು ರಾವಲ್ ಪ್ರದೇಶದ ಅಂಗಡಿಗಳಲ್ಲಿ ಸಿಗುತ್ತವೆ.

ಶಾಲೆಯ ಊಟದ ಬಗ್ಗೆ ಒಂದು ಎಚ್ಚರಿಕೆ. ಸಸ್ಯಾಹಾರಿಗಳಾದವರು ಅರ್ಜಿಯಲ್ಲಿ ಮಾಂಸ ಬೇಡ ಎಂದಷ್ಟೇ ಬರೆದರೆ ಸಾಲದು. ಮಾಂಸವೆಂದರೆ ಇಲ್ಲಿ ಅನೇಕರ ಮನಸ್ಸಿನಲ್ಲಿ ದನ, ಹಂದಿ, ಕುರಿಯ ತುಂಡು ಮಾತ್ರ. ಟ್ಯೂನಾ ಮೀನು ಅದಕ್ಕೆ ಸೇರಿಲ್ಲ, ಅಷ್ಟೇಕೆ, ಹಂದಿಯ ತೊಡೆಯ ತೆಳು ಚೂರುಗಳೂ ಕೆಲವೊಮ್ಮೆ ಸೇರುವುದಿಲ್ಲ. ನಮ್ಮ ಮಗಳ ತಟ್ಟೆಗೆ ಮೊದಲ ವಾರ ಟ್ಯೂನಾ ಬಂತು. ಮೀನು, ಕೋಳಿ, ಹಂದಿ ಎಂದು ಒಂದೊಂದನ್ನೂ ಹೆಸರಿಸಿ ಬರೆದುಕೊಡಿರಿ.

ಪ್ರವೇಶದ ಅರ್ಜಿಗಳು ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಮುಗಿಯುವುದರಿಂದ, ಆಗಸ್ಟ್‌ನಲ್ಲಿ ಬರುವವರಿಗೆ ಮಿಕ್ಕ ಸೀಟುಗಳಲ್ಲಿ ಒಂದು ದೊರೆಯುತ್ತದೆ. ಅದಕ್ಕೂ ಮೊದಲು ನಗರಸಭೆಯಲ್ಲಿ ನಿಮ್ಮ ವಿಳಾಸವನ್ನು ದಾಖಲಿಸಬೇಕು. ಮುಂದೆ ಎಲ್ಲ ಕಡೆಯೂ ಕೇಳುವುದು ಆ ಚೀಟಿಯನ್ನೇ.

ಹೆಸರಿನ ತೊಡಕು ಎದುರಾಗುವುದು ಆ ಕಚೇರಿಗಳಲ್ಲಿಯೇ. ಸ್ಪೇನ್‌ನಲ್ಲಿ ಪ್ರತಿಯೊಬ್ಬರಿಗೂ ಎರಡು ಅಡ್ಡಹೆಸರು, ತಂದೆಯದೊಂದು, ತಾಯಿಯದೊಂದು. ಮದುವೆಯಾದ ಹೆಂಗಸು ಹೆಸರು ಬದಲಿಸುವುದಿಲ್ಲ. ನನ್ನ ಪತ್ನಿಯ ಪಾಸ್‌ಪೋರ್ಟಿನಲ್ಲಿ ನನ್ನ ಅಡ್ಡಹೆಸರೇ ಇದ್ದುದರಿಂದ, ಒಂದು ಕಚೇರಿಯ ಗುಮಾಸ್ತರು ನಮ್ಮಿಬ್ಬರನ್ನೂ ನೋಡಿ, ಅಣ್ಣ ತಂಗಿಯರೇ ಎಂದು ಸಹಜವಾಗಿ ಕೇಳಿದರು. ಮದುವೆಯ ಪ್ರಮಾಣಪತ್ರವನ್ನು ಅಪೊಸ್ಟಿಲ್ (ವಿದೇಶದಲ್ಲಿ ಮಾನ್ಯವಾಗಲೆಂದು ಸರಕಾರ ಹಾಕುವ ದೃಢೀಕರಣ ಮುದ್ರೆ) ಮಾಡಿಸಿ, ಅನುವಾದ ಸಮೇತ ಕೈಯಲ್ಲಿ ಇಟ್ಟುಕೊಳ್ಳಿರಿ. ಹೆಸರಿನ ಉಚ್ಚಾರವೂ ಹಾಗೆಯೇ. ಸ್ಪ್ಯಾನಿಷ್‌ನಲ್ಲಿ ಹಕಾರ ಮಾಯವಾಗುತ್ತದೆ, ಜಕಾರ ಹಕಾರವಾಗುತ್ತದೆ, ವಕಾರ ಬಕಾರವಾಗುತ್ತದೆ, ಎರಡು ಎಲ್ ಬಂದರೆ ಯಕಾರವಾಗುತ್ತದೆ. ನಮ್ಮ ಮಗಳು ಪಲ್ಲವಿ ಆಸ್ಪತ್ರೆಯಲ್ಲಿ ಪಾಯಾಬಿ. ಕತಲಾನ್ ಮಾತಿನಲ್ಲಿ ಅದೇ ಎರಡು ಎಲ್‌ಗೆ ಲ್ಯಕಾರದ ಧ್ವನಿ ಇರುವುದರಿಂದ ಶಾಲೆಯಲ್ಲಿ ಪಲ್ಯಾಬಿ ಆದಳು. ವಿಡಿಯೊ ಕರೆಯಲ್ಲಿ ಇದನ್ನು ಕೇಳಿದ ಅವಳ ಅಜ್ಜಿ, ಯಾವ ತರಕಾರಿಯ ಪಲ್ಯ ಎಂದು ವಿಚಾರಿಸಿದರು.

ಆರು ವಾರ ಕಳೆದ ಮೇಲೆ ಶಿಕ್ಷಕಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಮನೆಯಲ್ಲಿ ಅವಳನ್ನು ಹೇಗೆ ಕರೆಯುತ್ತೀರೋ ಹಾಗೆ ಒಮ್ಮೆ ಹೇಳಿರೆಂದರು. ನಾನು ಎರಡು ಸಲ ಹೇಳಿದೆ. ಕತಲಾನ್ ಬರವಣಿಗೆಯಲ್ಲಿ ಎರಡು ಎಲ್‌ಗಳ ನಡುವೆ, ಸಾಲಿನಿಂದ ಸ್ವಲ್ಪ ಮೇಲೆ, ಒಂದು ಚುಕ್ಕೆ ಇಟ್ಟರೆ ಅದು ನಮ್ಮ ಒತ್ತಕ್ಷರದಂತೆ ದ್ವಿತ್ವವಾಗುತ್ತದೆ. ಶಾಲೆ ಎಂಬರ್ಥದ ಅವರ ಕೊಲ್ಲೆಜಿ ಎಂಬ ಪದದಲ್ಲಿಯೂ ಆ ಚುಕ್ಕೆ ಇದೆ. ಮರುದಿನ ಬೆಳಿಗ್ಗೆ ಕೋಟು ನೇತುಹಾಕುವ ಗೂಟದ ಮೇಲಿನ ಚೀಟಿಯಲ್ಲಿ, ಪಲ್ಲವಿಯ ಹೆಸರಿನ ನಡುವೆ, ಕೆಂಪು ಶಾಯಿಯ ಆ ಚುಕ್ಕೆ ಇತ್ತು.